ನಾಲಿಗೆ ಕಟ್ಟುವುದು ವ್ಯಾಕರಣವಲ್ಲ, ಪೂರ್ವಗ್ರಹ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಇಲ್ಲಿನ ರೈತ ಎಸ್.ಎಸ್. ಪರಮೇಶ್ ಅವರ ತೋಟದ, ತಾಮ್ರಗೆಂಪು ತೊಳೆಯ ಹಲಸನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ‘ಸಿದ್ದು’ ತಳಿಯಾಗಿ ಗುರುತಿಸಿತು. ಮರ ನೆಟ್ಟ ತಂದೆ ಸಿದ್ದಪ್ಪ ಅವರ ನೆನಪಿನ ಹೆಸರದು. ಸಸಿಗಳಿಂದ ಬರುವ ಆದಾಯದಲ್ಲಿ ಶೇ 75ರಷ್ಟು ರೈತರಿಗೇ ಸೇರಬೇಕೆಂಬ ಒಪ್ಪಂದವೂ ಆಯಿತು. ಹಳ್ಳಿಯ ತಿಳಿವಳಿಕೆಗೆ ವಿಜ್ಞಾನಿಗಳು ಕೊಟ್ಟ ಈ ಬೆಲೆಯನ್ನು ನಮ್ಮ ಉದ್ಯೋಗ ಸಂದರ್ಶನಗಳು ಕೊಡುತ್ತಿಲ್ಲ. ಹಳ್ಳಿಯ ಪದವೀಧರನೊಬ್ಬ ಬಾಯಿ ತೆರೆದು ಎರಡು ವಾಕ್ಯ ಆಡುವಷ್ಟರಲ್ಲಿ ಅವನ ಉಚ್ಚಾರಣೆ ಕೇಳಿ ಬುದ್ಧಿಯನ್ನೂ ಅಳೆದು ಮುಗಿಸುವವರು ಬಹಳ.

ಇಂಗ್ಲಿಷ್ ಸಲೀಸಾಗಿ ಬಂದರೆ ಜಾಣ, ತಡವರಿಸಿದರೆ ದಡ್ಡ ಎಂಬ ಈ ನಂಬಿಕೆ ಸಂದರ್ಶಕರ ಮನಸ್ಸಿನಲ್ಲಷ್ಟೇ ಇದ್ದಿದ್ದರೆ ಅದರ ಕೇಡು ಅಲ್ಲಿಗೇ ನಿಲ್ಲುತ್ತಿತ್ತು. ಅದು ವಿದ್ಯಾರ್ಥಿಯ ಒಳಗೂ ಇಳಿದಿದೆ. ತಪ್ಪಾದರೆ ನಗುತ್ತಾರೆಂದು ಅವನು ಮಾತೇ ಆಡುವುದಿಲ್ಲ. ಆಡದ ಭಾಷೆ ಬರುವುದಿಲ್ಲ. ಬಾರದಿದ್ದಾಗ ‘ನನ್ನ ಹಣೆಬರಹವೇ ಇಷ್ಟು’ ಎಂದುಕೊಳ್ಳುತ್ತಾನೆ. ಇದರ ಎದುರು ತುದಿಯಲ್ಲಿ ಇನ್ನೊಂದು ಪೂರ್ವಗ್ರಹವಿದೆ: ಸರ್ಕಾರಿ ಶಾಲೆಯ ಮಕ್ಕಳು ಇಂಗ್ಲಿಷ್ ಕಲಿತರೆ ಕನ್ನಡ ಕೆಡುತ್ತದೆ ಎಂಬುದು. ಹಾಗೆ ಹೇಳುವ ಎಷ್ಟೋ ಮಂದಿಯ ಮಕ್ಕಳು ಓದುವುದು ಇಂಗ್ಲಿಷ್ ಮಾಧ್ಯಮದಲ್ಲೇ. ಕನ್ನಡ ಉಳಿಸುವ ಹೊರೆಯನ್ನು ಬಡವರ ಮಕ್ಕಳ ತಲೆಯ ಮೇಲೆ ಮಾತ್ರ ಹೊರಿಸುವುದು ಅನ್ಯಾಯ.

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007–08ರಲ್ಲಿ. ಅಂದು ಶಾಲೆಗೆ ಸೇರಿದ ಮಗು 2017ರ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿಸಿರುತ್ತದೆ. ಹತ್ತು ವರ್ಷ ಇಂಗ್ಲಿಷ್ ಓದಿಯೂ ಹತ್ತು ನಿಮಿಷ ಮಾತನಾಡಲಾಗದಿದ್ದರೆ ತಪ್ಪು ಮಗುವಿನದಲ್ಲ. ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ಗೆ ಲಿಖಿತ ಪರೀಕ್ಷೆಯಲ್ಲಿ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಪಬ್ಲಿಕ್ ಪರೀಕ್ಷೆ ಮಗುವಿನ ದನಿಯನ್ನು ಕೇಳುವುದೇ ಇಲ್ಲ. ಹೀಗಾಗಿ ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್’ ಎಂದು ರಜಾ ಅರ್ಜಿಯನ್ನು ಉರು ಹೊಡೆದು ತಪ್ಪಿಲ್ಲದೆ ಬರೆಯುವ ಹುಡುಗಿ, ಬಸ್ಸು ಕೆಟ್ಟಿದೆ, ಅರ್ಧ ಗಂಟೆ ತಡವಾಗುತ್ತದೆ ಎಂದು ಫೋನಿನಲ್ಲಿ ಹೇಳಲು ಬೆವರುತ್ತಾಳೆ.

ಚೇಳೂರು ಇರುವ ಗುಬ್ಬಿ ತಾಲ್ಲೂಕಿನದೇ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ತಲೆಯೆತ್ತಿದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ತುಮಕೂರಿನ ಬಳಿ ವಸಂತನರಸಾಪುರ ಕೈಗಾರಿಕಾ ಪ್ರದೇಶವಿದೆ. ಕೆಲಸ ಮನೆ ಬಾಗಿಲಿಗೆ ಬಂದಿರುವಾಗ ಸ್ಥಳೀಯ ಯುವಜನರಿಗೆ ಬೇಕಿರುವುದು ಷೇಕ್ಸ್‌ಪಿಯರನ ಇಂಗ್ಲಿಷ್ ಅಲ್ಲ. ತನ್ನ ಪರಿಚಯ ಹೇಳಿಕೊಳ್ಳುವುದು, ಸುರಕ್ಷತಾ ಸೂಚನೆ ಓದಿ ಅರ್ಥ ಮಾಡಿಕೊಳ್ಳುವುದು, ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳುವುದು, ನಾಲ್ಕು ಸಾಲಿನ ಇಮೇಲ್ ಬರೆಯುವುದು: ಇಷ್ಟನ್ನು ಯಾವ ಮಗುವಾದರೂ ಕಲಿಯಬಲ್ಲದು.

ಕಲಿಸುವ ದಾರಿಯೂ ಕಷ್ಟದ್ದಲ್ಲ. ಚೇಳೂರಿನ ಮಕ್ಕಳು ಹಲಸಿನ ಸಂತೆಯ ಬಗ್ಗೆ, ಮನೆಯ ತೆಂಗು, ಅಡಿಕೆಯ ಬಗ್ಗೆ ಮೊದಲು ಕನ್ನಡದಲ್ಲಿ ಹೇಳಲಿ. ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ. ಗೊತ್ತಿರುವ ಸಂಗತಿಯನ್ನು ಹೇಳುವಾಗ ಹೆದರಿಕೆ ಅರ್ಧ ಇಳಿಯುತ್ತದೆ. ಮಾತನಾಡುತ್ತಿರುವ ಮಗುವನ್ನು ನಡುವೆ ತಡೆದು ತಿದ್ದಬಾರದು, ನಗುವುದಕ್ಕೆ ಯಾರಿಗೂ ಅವಕಾಶ ಇರಬಾರದು.

ಇದರ ಜೊತೆಗೇ ಪೂರ್ವಗ್ರಹವನ್ನು ಗುರುತಿಸುವುದನ್ನೂ ಕಲಿಸಬೇಕು. ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಿಂದ ತಂದು, ಯಾರ ಮಾತಿಗೆ ಎಷ್ಟು ಜಾಗ ಸಿಕ್ಕಿದೆ, ಯಾರನ್ನು ಬಿಟ್ಟಿದ್ದಾರೆ ಎಂದು ಮಕ್ಕಳೇ ಹುಡುಕಲಿ. ಇಂಗ್ಲಿಷ್‌ನಲ್ಲಿ ಅಚ್ಚಾದದ್ದೆಲ್ಲ ಸತ್ಯ ಎಂಬ ಭ್ರಮೆ ಹೋಗದೆ ಭಾಷೆ ಮಾತ್ರ ಬಂದರೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುಳ್ಳನ್ನು ನಿರರ್ಗಳವಾಗಿ ಓದುವವರಷ್ಟೇ ತಯಾರಾಗುತ್ತಾರೆ.

ಶಿಕ್ಷಣ ಇಲಾಖೆ ಆಂತರಿಕ 20 ಅಂಕಗಳಲ್ಲಿ ಅರ್ಧವನ್ನು ಆಲಿಸುವ, ಮಾತನಾಡುವ ಕೌಶಲಕ್ಕೆ ಕಡ್ಡಾಯವಾಗಿ ಮೀಸಲಿಡಲಿ ಮತ್ತು ಅದಕ್ಕೆ ತಕ್ಕ ತರಬೇತಿಯನ್ನು ಶಿಕ್ಷಕರಿಗೆ ಕೊಡಲಿ. ಉದ್ಯೋಗ ಕೊಡುವವರು ಕೆಲಸದ ಪರಿಣತಿಗೂ ಇಂಗ್ಲಿಷ್‌ಗೂ ಬೇರೆ ಬೇರೆ ಅಂಕ ಹಾಕಲಿ. ಯಂತ್ರ ನಡೆಸುವವನ ಕೈಚಳಕವನ್ನು ಅವನಿಗೆ ಬರುವ ಭಾಷೆಯಲ್ಲೇ ಪರೀಕ್ಷಿಸಲಿ. ಇಂಗ್ಲಿಷ್ ಕಲಿಯುವುದು ಹಳ್ಳಿಯ ಮಕ್ಕಳ ಹಕ್ಕು. ಅದು ಬಾರದ ದಿನವೂ ತಲೆಯೆತ್ತಿ ನಿಲ್ಲುವುದು ಅಷ್ಟೇ ದೊಡ್ಡ ಹಕ್ಕು.