ಶಾಲು ಆಮೇಲೆ, ಮೊದಲು ದಾರಿಖರ್ಚು

ಯಾವ ಸಂಸ್ಥೆಯ ಆಶ್ರಯವೂ ಇಲ್ಲದೆ ಊರೂರು ತಿರುಗಿ ಹಾಡುವ ಸಂಗೀತಗಾರರಿಗೆ ಸಲಹೆ ಕೊಡುವವರಿಗೇನೂ ಬರವಿಲ್ಲ. ರಾತ್ರಿ ರೈಲಿಗೆ ಹೊರಡಿ, ಲಾಡ್ಜಿನ ಬಾಡಿಗೆ ಉಳಿಯುತ್ತದೆ. ಒಂದೇ ಊರಿಗೆಂದು ಹೋಗದೆ ದಾರಿಯಲ್ಲಿ ಇನ್ನೆರಡು ಕಾರ್ಯಕ್ರಮ ಹೊಂದಿಸಿಕೊಳ್ಳಿ. ಹಾರ್ಮೋನಿಯಂ ಹೊತ್ತೊಯ್ಯದೆ ಆ ಊರಿನಲ್ಲೇ ಕೇಳಿ ಪಡೆಯಿರಿ. ಗೆಳೆಯರ ಮನೆಯಲ್ಲಿ ತಂಗಿರಿ. ಎಲ್ಲವೂ ಸರಿಯೇ. ಹಸಿವು ಇದನ್ನೆಲ್ಲ ಅವರಿಗೆ ಎಂದೋ ಕಲಿಸಿದೆ. ನಮ್ಮ ಪ್ರಶ್ನೆ ಇಷ್ಟೇ: ಮಿತವ್ಯಯದ ಪಾಠ ಕಲಾವಿದರಿಗೆ ಮಾತ್ರ ಏಕೆ?

ನಮ್ಮ ಸಮಾರಂಭಗಳನ್ನೇ ನೋಡಿ. ಉರೂಸ್ ಇರಲಿ, ಜಾತ್ರೆ ಇರಲಿ, ಕಾಲೇಜಿನ ವಾರ್ಷಿಕೋತ್ಸವ ಇರಲಿ, ಶಾಮಿಯಾನದವರಿಗೆ, ಧ್ವನಿವರ್ಧಕದವರಿಗೆ ಮುಂಗಡ ಕೊಡುತ್ತೇವೆ. ಹಾಡುವವರ ಸರದಿ ಬಂದಾಗ ಮಾತ್ರ 'ಸೇವೆ ಎಂದುಕೊಳ್ಳಿ' ಎನ್ನುತ್ತೇವೆ. ಶಾಲು ಹೊದಿಸಿ, ಸ್ಮರಣಿಕೆ ಕೊಟ್ಟು, ಫೋಟೋ ತೆಗೆಸಿಕೊಳ್ಳುತ್ತೇವೆ. ಶಾಲು ತೋರಿಸಿದರೆ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಾನೆಯೇ?

ಸರಕಾರಗಳ ನಡೆಯೂ ಹೀಗೆಯೇ. ಕಾರ್ಯಕ್ರಮ ನೀಡಲು ಹೊರಟ ಕಲಾವಿದರಿಗೆ ರೈಲ್ವೆಯ ಎರಡನೇ ದರ್ಜೆ ಮತ್ತು ಸ್ಲೀಪರ್ ದರದಲ್ಲಿ ಶೇಕಡಾ 75ರ ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣಕ್ಕೆ ಅದು ನಿಂತಿತು. ಕೆಲವು ವರ್ಗದ ರೋಗಿಗಳು, ಅಂಗವಿಕಲರು ಮತ್ತು ವಿದ್ಯಾರ್ಥಿಗಳಿಗಷ್ಟೇ ಸೌಲಭ್ಯ ಉಳಿಯಿತು. ರೋಗ ತಗ್ಗಿತು, ರೈಲುಗಳು ಮತ್ತೆ ತುಂಬಿದವು, ಕಲಾವಿದರ ರಿಯಾಯಿತಿ ಮಾತ್ರ ಮರಳಲಿಲ್ಲ. 2023ರ ಜೂನ್‌ನಲ್ಲಿ ಆರಂಭವಾದ 'ಶಕ್ತಿ' ಯೋಜನೆಯಿಂದ ರಾಜ್ಯದೊಳಗೆ ಗಾಯಕಿಯರ ಬಸ್ ಖರ್ಚು ಇಳಿದಿದೆ ಎಂಬುದನ್ನು ಒಪ್ಪೋಣ. ಆದರೆ ಅದು ಎಲ್ಲ ಮಹಿಳೆಯರಿಗೂ ಸಂದದ್ದು, ಕಲೆಗೆಂದು ಕೊಟ್ಟದ್ದಲ್ಲ.

ದಾರಿಯಲ್ಲಿ ಸಿಗುವ ಆಸರೆ ಎಂಥ ಫಲ ಕೊಡುತ್ತದೆ ಎಂಬುದಕ್ಕೆ ಧಾರವಾಡ ಸೀಮೆಯೇ ಸಾಕ್ಷಿ. ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರು ಆಸ್ಥಾನಕ್ಕೆ ಹೋಗಿಬರುವಾಗ ಈ ಕಡೆ ತಂಗುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಲಿತರು. ಇಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಪರಂಪರೆಯ ಹಿಂದೆ ಯಾರೋ ಹಾಸಿದ ಚಾಪೆ, ಬಡಿಸಿದ ರೊಟ್ಟಿಯೂ ಇವೆ. ಅದೇ ಖಾನ್ ಸಾಹೇಬರು 1937ರಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದಾಗ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದರು. ಕಲಾವಿದರ ಪ್ರವಾಸ ವಿಹಾರವಲ್ಲ, ಅದು ದುಡಿಮೆ.

ದುಡಿಮೆಗೆ ಕೂಲಿ ಬೇಕು. ಆಹ್ವಾನ ಪತ್ರದಲ್ಲೇ ಸಂಭಾವನೆ, ಪ್ರಯಾಣ ವೆಚ್ಚ, ಊಟ, ವಸತಿಯ ವಿವರ ಬರೆಯೋಣ. ಹಣವನ್ನು ಅಂದು ರಾತ್ರಿಯೇ ಕೈಗಿಡೋಣ. ಹಣವಿಲ್ಲದ ಸಂಘಟಕರು ಅದನ್ನು ಮೊದಲೇ ಹೇಳಲಿ; ಪಕ್ಕದೂರಿನವರೊಂದಿಗೆ ಸೇರಿ ಖರ್ಚು ಹಂಚಿಕೊಳ್ಳಲಿ, ತಮ್ಮ ಮನೆಯಲ್ಲೊಂದು ಕೋಣೆ ಕೊಡಲಿ. ಕಲಾವಿದರ ರಿಯಾಯಿತಿಯನ್ನು ಮರಳಿಸಿ ಎಂದು ನಮ್ಮ ಸಂಸದರು ಒಮ್ಮೆಯಾದರೂ ಕೇಳಲಿ. ಹಾಡಿ ಹೋದವರು ಸಾಲ ಮಾಡಿ ಮನೆ ಸೇರಬೇಕಾದರೆ, ಆ ರಾತ್ರಿ ನಾವು ತಟ್ಟಿದ ಚಪ್ಪಾಳೆಗೆ ಏನು ಬೆಲೆ?