ಮದುವೆಗೊಂದು ಗಡುವು: ‘ದಿ ಲಾಬ್‌ಸ್ಟರ್’ ತೋರಿಸುವ ಭಯ

ಗ್ರೀಸ್‌ನ ನಿರ್ದೇಶಕ ಯೊರ್ಗೊಸ್ ಲಾಂತಿಮೊಸ್ 2015ರಲ್ಲಿ ಮಾಡಿದ ‘ದಿ ಲಾಬ್‌ಸ್ಟರ್’ ಸಿನಿಮಾದ ಲೋಕದಲ್ಲಿ ಒಂಟಿಯಾಗಿ ಬದುಕುವುದೇ ಅಪರಾಧ. ಸಂಗಾತಿ ಸತ್ತವರು, ಸಂಗಾತಿ ಬಿಟ್ಟುಹೋದವರು, ಜೋಡಿಯೇ ಸಿಗದವರು ಎಲ್ಲರನ್ನೂ ಊರಾಚೆಯ ಹೋಟೆಲ್ ಒಂದಕ್ಕೆ ಸೇರಿಸುತ್ತಾರೆ. ಅಲ್ಲಿ ಅವರಿಗೆ 45 ದಿನಗಳ ಗಡುವು. ಅಷ್ಟರೊಳಗೆ ಜೋಡಿ ಸಿಕ್ಕರೆ ಊರಿಗೆ ವಾಪಸ್. ಸಿಗದಿದ್ದರೆ ಅವರನ್ನು ಪ್ರಾಣಿಯಾಗಿ ಮಾರ್ಪಡಿಸುತ್ತಾರೆ. ಯಾವ ಪ್ರಾಣಿಯಾಗಬೇಕು ಎಂಬ ಆಯ್ಕೆಯೊಂದು ಮಾತ್ರ ಅವರದು. ಕಥಾನಾಯಕ ಡೇವಿಡ್ ಕಡಲಿನ ಲಾಬ್‌ಸ್ಟರ್ ಆಗಬೇಕೆಂದು ಬರೆಸುತ್ತಾನೆ. ಅದು ನೂರು ವರ್ಷ ಬಾಳುತ್ತದಂತೆ, ಕೊನೆಯವರೆಗೂ ಅದಕ್ಕೆ ಸಂತಾನಶಕ್ತಿ ಇರುತ್ತದಂತೆ, ಮೇಲಾಗಿ ಅವನಿಗೆ ಸಮುದ್ರ ಇಷ್ಟ. ಅವನ ಜೊತೆಗೆ ಬಂದಿರುವ ನಾಯಿ ಅವನ ಒಡಹುಟ್ಟಿದವನೇ. ಹಿಂದೊಮ್ಮೆ ಇದೇ ಹೋಟೆಲ್‌ಗೆ ಬಂದು ಜೋಡಿ ಸಿಗದೆ ಹೋದವನು.

ಕೇಳಿದರೆ ಹುಚ್ಚು ಕಲ್ಪನೆ ಎನಿಸುತ್ತದೆ. ನೋಡುತ್ತಾ ಹೋದಂತೆ ಇದು ನಮ್ಮ ಮನೆಯಲ್ಲೇ ನಡೆಯುತ್ತಿರುವುದಲ್ಲವೇ ಎಂಬ ಅಳುಕು ಹುಟ್ಟುತ್ತದೆ. ಕ್ಯಾನ್ ಚಿತ್ರೋತ್ಸವದಲ್ಲಿ ಜ್ಯೂರಿ ಬಹುಮಾನ ಪಡೆದ, ಚಿತ್ರಕಥೆಗಾಗಿ ಆಸ್ಕರ್ ನಾಮನಿರ್ದೇಶನವನ್ನೂ ಕಂಡ ಈ ಡಾರ್ಕ್ ಕಾಮಿಡಿಯ ಬಗ್ಗೆ ಇಷ್ಟು ವರ್ಷಗಳ ಮೇಲೆ ಬರೆಯಲು ಕಾರಣವಿದೆ. ಮದುವೆಯ ಹೊಸ್ತಿಲಲ್ಲಿ ನಿಂತ ಯುವಕ ಯುವತಿಯರನ್ನು ಕಾಡುವ ‘ನಾನು ಯಾರು, ನನ್ನ ಬದುಕಿಗೆ ಅರ್ಥವೇನು’ ಎಂಬ ಕಳವಳವನ್ನು ನಾವು ಅವರ ಮನಸ್ಸಿನ ದೌರ್ಬಲ್ಯ ಎಂದುಕೊಳ್ಳುತ್ತೇವೆ. ಬಹುಪಾಲು ಅದು ಸುತ್ತಲಿನವರು ಹಾಕಿದ ಗಡುವಿನಿಂದ ಹುಟ್ಟಿದ್ದು. ಗಡುವು ಹತ್ತಿರ ಬಂದಷ್ಟೂ ಮನುಷ್ಯ ತನ್ನನ್ನೇ ಸುಳ್ಳಾಗಿಸಿಕೊಳ್ಳುತ್ತಾನೆ. ಈ ಸತ್ಯವನ್ನು ಲಾಂತಿಮೊಸ್‌ನಷ್ಟು ನಿಷ್ಠುರವಾಗಿ ತೋರಿಸಿದ ಬೇರೊಬ್ಬ ನಿರ್ದೇಶಕನನ್ನು ನಾನು ಕಂಡಿಲ್ಲ.

ಹೋಟೆಲ್‌ಗೆ ಸೇರುವಾಗಿನ ದೃಶ್ಯವನ್ನೇ ನೋಡಿ. ಡೇವಿಡ್‌ನ ಕಾಲಿನ ಅಳತೆ ನಲವತ್ನಾಲ್ಕೂವರೆ. ಅಲ್ಲಿ ಅರ್ಧ ಅಳತೆಯ ಶೂಗಳಿಲ್ಲ. ನಲವತ್ನಾಲ್ಕೋ ನಲವತ್ತೈದೋ ಹೇಳಬೇಕು. ಗಂಡಸರು ಇಷ್ಟವೋ ಹೆಂಗಸರು ಇಷ್ಟವೋ ಎಂಬ ಪ್ರಶ್ನೆಗೂ ಎರಡೇ ಉತ್ತರ. ಎರಡೂ ಎನ್ನುವ ಆಯ್ಕೆಯನ್ನು ಆಡಳಿತಾತ್ಮಕ ತೊಂದರೆಯ ಕಾರಣಕ್ಕೆ ತೆಗೆದುಹಾಕಲಾಗಿದೆ. ಅವನು ಅರೆಕ್ಷಣ ತಡವರಿಸಿ ಒಂದನ್ನು ಹೇಳುತ್ತಾನೆ. ಆ ಅರೆಕ್ಷಣದಲ್ಲೇ ಅವನ ಅರ್ಧ ವ್ಯಕ್ತಿತ್ವ ಅಳಿಸಿಹೋಗಿದೆ. ಮೊದಲ ದಿನ ಅವನ ಒಂದು ಕೈಯನ್ನು ಬೆನ್ನ ಹಿಂದಕ್ಕೆ ಕಟ್ಟಿಹಾಕುತ್ತಾರೆ, ಯಾವುದೂ ಜೋಡಿಯಾಗಿದ್ದರೇ ಚೆಂದ ಎಂದು ಮನದಟ್ಟು ಮಾಡಿಸಲು. ವೇದಿಕೆಯ ಮೇಲೆ ಪಾಠದ ನಾಟಕ ನಡೆಯುತ್ತದೆ. ಒಬ್ಬನೇ ಕೂತು ಉಣ್ಣುವ ಗಂಡಸು ಗಂಟಲಲ್ಲಿ ತುತ್ತು ಸಿಕ್ಕಿ ಸಾಯುತ್ತಾನೆ, ಹೆಂಡತಿ ಪಕ್ಕದಲ್ಲಿದ್ದರೆ ಬದುಕುತ್ತಾನೆ. ಹೊಸ ಜೋಡಿಗಳ ನಡುವೆ ಬಗೆಹರಿಯದ ಜಗಳ ಬಂದರೆ ಹೋಟೆಲಿನವರೇ ಅವರಿಗೆ ಒಂದು ಮಗುವನ್ನು ಕೊಡುತ್ತಾರೆ. ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ ಎಂದು ನಮ್ಮ ಎಷ್ಟು ಮನೆಗಳಲ್ಲಿ ಹಿರಿಯರು ಹೇಳಿಲ್ಲ?

ಈ ಲೋಕದ ಇನ್ನೊಂದು ನಿಯಮ, ಇಬ್ಬರಲ್ಲೂ ಒಂದು ಸಮಾನ ಲಕ್ಷಣ ಇರಬೇಕು. ಕುಂಟುವವನಿಗೆ ಕುಂಟುವವಳು, ಸಮೀಪದೃಷ್ಟಿಯವನಿಗೆ ಸಮೀಪದೃಷ್ಟಿಯವಳು. ಹೆಂಡತಿ ತೀರಿಕೊಂಡು ಆರೇ ದಿನಕ್ಕೆ ಹೋಟೆಲ್ ಸೇರಿದ ಕುಂಟುಗಾಲಿನ ಯುವಕನೊಬ್ಬನಿದ್ದಾನೆ. ಅವನಿಗೆ ಅತ್ತು ಮುಗಿಸಲೂ ಸಮಯವಿಲ್ಲ. ಪದೇ ಪದೇ ಮೂಗಿನಿಂದ ರಕ್ತ ಸುರಿಯುವ ಹುಡುಗಿಯೊಬ್ಬಳನ್ನು ಕಂಡು, ಯಾರೂ ನೋಡದಾಗ ತನ್ನ ಮೂಗನ್ನು ಗಟ್ಟಿ ವಸ್ತುವಿಗೆ ಜಜ್ಜಿಕೊಂಡು, ನನಗೂ ಇದೇ ಕಾಯಿಲೆ ಎನ್ನುತ್ತಾನೆ. ಜೋಡಿ ಕೂಡಿಬರುತ್ತದೆ. ಕಾಡಿನಲ್ಲಿ ಹಸಿವಿನಿಂದ ಸಾಯುವುದು, ಪ್ರಾಣಿಯಾಗಿ ಇನ್ನೊಂದರ ಬಾಯಿಗೆ ಬೀಳುವುದು, ಆಗಾಗ ಮೂಗು ಒಡೆದುಕೊಳ್ಳುವುದು, ಈ ಮೂರರಲ್ಲಿ ಯಾವುದು ಕಷ್ಟ ಎಂದು ಅವನು ಡೇವಿಡ್‌ನನ್ನೇ ಕೇಳುತ್ತಾನೆ. ಅವನ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಅವನನ್ನು ಆ ಲೆಕ್ಕಕ್ಕೆ ದೂಡಿದ ವ್ಯವಸ್ಥೆಯಲ್ಲಿ.

ಡೇವಿಡ್ ಹಿಡಿಯುವ ದಾರಿ ಇನ್ನೂ ಭೀಕರ. ಕರುಣೆಯೇ ಇಲ್ಲದ ಹೆಂಗಸೊಬ್ಬಳನ್ನು ಒಪ್ಪಿಸಲು ಅವನು ತನಗೂ ಹೃದಯವಿಲ್ಲವೆಂದು ನಟಿಸುತ್ತಾನೆ. ಅವನನ್ನು ಪರೀಕ್ಷಿಸಲು ಅವಳು ಗಂಟಲಿಗೆ ಏನೋ ಸಿಕ್ಕಿದಂತೆ ಒದ್ದಾಡಿದರೂ ಕದಲದೆ ಕೂರುತ್ತಾನೆ. ಕೊನೆಗೊಂದು ಬೆಳಿಗ್ಗೆ ಆಕೆ ನಾಯಿಯಾಗಿರುವ ಅವನ ಒಡಹುಟ್ಟಿದವನನ್ನು ಒದ್ದು ಕೊಂದು ಬಂದು ಸುದ್ದಿ ಹೇಳುತ್ತಾಳೆ. ಅವನು ಅಳಬಾರದು. ಅತ್ತರೆ ಜೋಡಿ ಮುರಿಯುತ್ತದೆ. ಕಣ್ಣೀರು ತಡೆಯಲಾಗದೆ ಸಿಕ್ಕಿಬೀಳುವ ಆ ದೃಶ್ಯದಲ್ಲಿ ನಗು ನಿಂತುಹೋಗುತ್ತದೆ. ಮದುವೆಗಾಗಿ ಬೇರೊಬ್ಬರಾಗಲು ಹೊರಟವರು ಒಂದು ದಿನ ತಮ್ಮ ದುಃಖವನ್ನೂ ಬಚ್ಚಿಡಬೇಕಾಗುತ್ತದೆ.

ಜಾತಿ, ಉಪಜಾತಿ, ಎತ್ತರ, ಸಂಬಳ, ಸ್ವಂತ ಮನೆ ಎಂದು ಸಾಲಾಗಿ ತುಂಬುವ ನಮ್ಮ ಬಯೊಡೇಟಾಗಳಲ್ಲೂ ಅರ್ಧ ಅಳತೆಗೆ ಜಾಗವಿಲ್ಲ. ಸಾಲಾವಳಿ ಕೂಡಿಬಂದರೆ ಮಿಕ್ಕಿದ್ದೆಲ್ಲ ತಾನಾಗಿ ಕೂಡುತ್ತದೆಂಬ ನಂಬಿಕೆ ಬೇರೆ. ಹುಡುಗಿ ತನ್ನ ಆಸೆಗಳನ್ನು ಕಡಿಮೆ ಮಾಡಿ ಹೇಳುತ್ತಾಳೆ, ಹುಡುಗ ಸಂಬಳವನ್ನು ಜಾಸ್ತಿ ಮಾಡಿ ಹೇಳುತ್ತಾನೆ. ಕಾಯಿಲೆ, ಸಾಲ, ಹಳೆಯ ಪ್ರೀತಿ ಯಾವುದೂ ಮಾತಿಗೆ ಬರುವುದಿಲ್ಲ. ಲಾಂತಿಮೊಸ್‌ನ ಪಾತ್ರಗಳಿಗೂ ಇವರಿಗೂ ಇರುವ ಅಂತರ ಬಹಳ ಕಡಿಮೆ.

ಕನ್ನಡದಲ್ಲಿ ಈ ಸಂಕಟವನ್ನು ಹತ್ತಿರದಿಂದ ಕಂಡ ಸಿನಿಮಾ 2017ರಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’. ಮಂಗಳೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ಜನಾರ್ದನನಿಗೆ ವಯಸ್ಸು 28, ತಲೆ ಬೋಳು. ವರ್ಷದೊಳಗೆ ಮದುವೆಯಾಗದಿದ್ದರೆ ಸನ್ಯಾಸಿಯಾಗುತ್ತಾನೆಂದು ಜ್ಯೋತಿಷಿ ಹೇಳಿಬಿಟ್ಟಿದ್ದಾನೆ. ಇಲ್ಲಿಯೂ ಒಂದು ಗಡುವಿದೆ, ಮೇಲೊಂದು ದೈವದ ಮುದ್ರೆ. ಆ ಚಿತ್ರದ ನಿಜವಾದ ಶಕ್ತಿ ಇರುವುದು ಬೋಳುತಲೆಯ ಹಾಸ್ಯದಲ್ಲಲ್ಲ. ತಲೆಯ ಕಾರಣಕ್ಕೆ ತಿರಸ್ಕಾರ ಉಂಡವನು ದಪ್ಪಗಿರುವ ಸರಳಾಳನ್ನು ಕಂಡಾಗ ಅದೇ ಅಳತೆಗೋಲು ಕೈಗೆತ್ತಿಕೊಳ್ಳುತ್ತಾನಲ್ಲ, ಅಲ್ಲಿದೆ. ನಮ್ಮನ್ನು ಅಳೆದ ಕೋಲಿನಿಂದಲೇ ನಾವೂ ಇನ್ನೊಬ್ಬರನ್ನು ಅಳೆಯುತ್ತೇವೆ. ಆ ಕಥೆ 2019ರಲ್ಲಿ ಮಲಯಾಳದಲ್ಲಿ ‘ತಮಾಶ’, ಹಿಂದಿಯಲ್ಲಿ ‘ಉಜ್ಡಾ ಚಮನ್’ ಆಯಿತು. ಒಂದು ಊರಿನ ಕಥೆ ಎಲ್ಲ ಊರುಗಳದ್ದೂ ಆಗಿತ್ತು. ಆದರೆ ಅದು ಮೃದು ಮನಸ್ಸಿನ ಸಿನಿಮಾ. ನಾಯಕನನ್ನು ಕೊನೆಗೆ ತಿದ್ದಿ ಕಳಿಸುತ್ತದೆ. ‘ದಿ ಲಾಬ್‌ಸ್ಟರ್’ ಅಂಥ ಸಮಾಧಾನ ಕೊಡುವುದಿಲ್ಲ.

ಪರದೆಯಾಚೆಯ ಕಥೆ ಇನ್ನೂ ಕಠಿಣವಾಗಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಯುವಕರು ಪಾದಯಾತ್ರೆ ಹೊರಟರು. ಬ್ರಹ್ಮಚಾರಿಗಳ ಪಾದಯಾತ್ರೆ ಎಂದು ಸುದ್ದಿಯಾಯಿತು. ಹೆಚ್ಚಿನವರು ಮೂವತ್ತರ ಆಸುಪಾಸಿನ ರೈತ ಮಕ್ಕಳು. ಬೇಡಿಕೊಂಡಿದ್ದು ಕಂಕಣಬಲವನ್ನು. ಎಷ್ಟೋ ಜನ ಅದನ್ನು ತಮಾಷೆಯ ಸುದ್ದಿಯಾಗಿ ಓದಿ ಮರೆತರು. ಬೇಸಾಯಗಾರ ಎಂಬ ಒಂದೇ ಲಕ್ಷಣದಿಂದ ತಿರಸ್ಕಾರಗೊಂಡ ಯುವಕರು, ತಾವು ಬದುಕಿನಲ್ಲಿ ಎಲ್ಲಿಯೂ ಸಲ್ಲದವರೆಂದು ಬಹಿರಂಗವಾಗಿ ಹೇಳಿಕೊಂಡ ಘಟನೆ ಅದು. ಮದುವೆಯ ಮುಂಚಿನ ಅಸ್ತಿತ್ವದ ಬಿಕ್ಕಟ್ಟು ಎಂಬುದನ್ನು ಇದಕ್ಕಿಂತ ನೇರವಾಗಿ ನಮ್ಮ ನಾಡು ಕಂಡಿಲ್ಲ.

ಹೆಣ್ಣು ಸಿಗುತ್ತಿಲ್ಲ ಎಂಬ ದೂರಿಗೆ ಉತ್ತರ ಹುಡುಕುವಾಗ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಬೇಕು. ಕರ್ನಾಟಕದಲ್ಲಿ ಆರು ವರ್ಷದವರೆಗಿನ ಪ್ರತಿ 1,000 ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 960 ಹೆಣ್ಣುಮಕ್ಕಳಿದ್ದರು. 2001ರಲ್ಲಿ ಅದು 946ಕ್ಕೆ ಇಳಿಯಿತು, 2011ರಲ್ಲಿ 948. ಬೆಟ್ಟ ಹತ್ತಲು ಹೊರಟ ಯುವಕರು ಹೆಚ್ಚುಕಡಿಮೆ ಆ ಮೊದಲ ಲೆಕ್ಕದ ಕಾಲದ ಮಕ್ಕಳು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿದೆ. ಆದರೂ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದನ್ನು ಪೊಲೀಸರು ಬಯಲಿಗೆಳೆದರು. ಪಾದಯಾತ್ರೆ ನಡೆದ ವರ್ಷದಲ್ಲೇ, ಅದೇ ಜಿಲ್ಲೆಯಲ್ಲಿ.

ಎರಡನೆಯದು ಹೆಣ್ಣುಮಕ್ಕಳ ತೀರ್ಮಾನ. ಲೆಕ್ಕದಲ್ಲಿನ ಕೊರತೆಗಿಂತ ಇದೇ ದೊಡ್ಡ ಕಾರಣವೆಂದು ನಾನು ನಂಬುತ್ತೇನೆ. ಡಿಗ್ರಿ ಓದಿದ ಹುಡುಗಿ ಸಾಲದಲ್ಲಿರುವ ಬೇಸಾಯದ ಮನೆಗೆ ಹೋಗಲು ಒಲ್ಲೆ ಎನ್ನುವುದರಲ್ಲಿ ಸೊಕ್ಕಿಲ್ಲ. ಕೊಟ್ಟಿಗೆ, ಹೊಲ, ಒಲೆ ಮೂರನ್ನೂ ಹೊತ್ತು ಅವಳ ತಾಯಿ ಸವೆದದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಅಷ್ಟು ದುಡಿದ ತಾಯಿಯ ಹೆಸರಿನಲ್ಲಿ ಒಂದು ಗುಂಟೆ ಜಮೀನೂ ಇಲ್ಲದ್ದನ್ನೂ ಕಂಡಿದ್ದಾಳೆ. ಆ ಯುವಕರ ನೋವು ನಿಜ. ಅದಕ್ಕೆ ಮದ್ದು ಬೇಸಾಯ ಬದುಕು ಕೊಡುವಂತಾಗುವುದು, ಆ ಮನೆಗೆ ಬರುವ ಹೆಣ್ಣಿಗೆ ಭೂಮಿಯಲ್ಲೂ ಮಾತಿನಲ್ಲೂ ಪಾಲು ಸಿಗುವುದು. ಹುಡುಗಿಯರ ಮೇಲೆ ಒತ್ತಡ ಹಾಕುವುದು ಮದ್ದಲ್ಲ.

ಮತ್ತೆ ‘ದಿ ಲಾಬ್‌ಸ್ಟರ್’ಗೆ ಬರೋಣ. ಹೋಟೆಲಿನಿಂದ ತಪ್ಪಿಸಿಕೊಂಡ ಡೇವಿಡ್ ಕಾಡಿನಲ್ಲಿ ಒಂಟಿಗಳ ಗುಂಪನ್ನು ಸೇರುತ್ತಾನೆ. ಇಲ್ಲಿ ಸಿನಿಮಾದ ಬಿಗಿ ಸ್ವಲ್ಪ ಸಡಿಲವಾಗುತ್ತದೆ, ಆದರೆ ವಿಚಾರ ಸಡಿಲವಾಗುವುದಿಲ್ಲ. ಆ ಗುಂಪಿನಲ್ಲಿ ಪ್ರೀತಿಸುವುದೇ ಅಪರಾಧ. ಮುತ್ತು ಕೊಟ್ಟವರ ತುಟಿ ಸೀಳುತ್ತಾರೆ. ಪ್ರತಿಯೊಬ್ಬರೂ ತಮ್ಮ ಗುಂಡಿಯನ್ನು ತಾವೇ ತೋಡಿಕೊಳ್ಳಬೇಕು. ಮದುವೆಯ ಬಲವಂತಕ್ಕೆ ಎದುರಾಗಿ ಹುಟ್ಟಿದ ಬಂಡಾಯವೂ ಇನ್ನೊಂದು ಬಲವಂತವಾಗಿದೆ. ಮದುವೆ ಬೇಡವೆನ್ನುವವರನ್ನು ಧೀರರೆಂದೂ ಆಗುವವರನ್ನು ಹೇಡಿಗಳೆಂದೂ ಕರೆಯುವ ಹೊಸ ಕಾಲದ ಕೆಲವು ಮಾತುಗಳು ನನಗೆ ಈ ಕಾಡನ್ನು ನೆನಪಿಸುತ್ತವೆ. ಡೇವಿಡ್‌ಗೆ ಬೇಕಾದ ಹೆಂಗಸು ಸಿಗುವುದು ಅಲ್ಲಿಯೇ, ಪ್ರೀತಿ ನಿಷಿದ್ಧವಾದ ಜಾಗದಲ್ಲಿ.

ಕಾಡಿನ ಗುಂಪಿನವರು ಊರಿಗೆ ಹೋದಾಗ, ಮಳಿಗೆಯಲ್ಲಿ ಒಬ್ಬರೇ ತಿರುಗುವವರನ್ನು ಪೊಲೀಸರು ನಿಲ್ಲಿಸಿ ಜೋಡಿಯಿರುವ ಪ್ರಮಾಣಪತ್ರ ಕೇಳುತ್ತಾರೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಯಾವ ಅವಿವಾಹಿತರಿಗೂ ಈ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ; ‘ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ಅವರಿಗೆ ಚೆನ್ನಾಗಿ ಗೊತ್ತು. ಹಾಗೆ ನೋಡಿದರೆ ಒಂದು ವಿಷಯದಲ್ಲಿ ಸರ್ಕಾರವೇ ಸಮಾಜಕ್ಕಿಂತ ಮುಂದಿದೆ. ನಲವತ್ತು ದಾಟಿದ ಬಡ ಅವಿವಾಹಿತ ಮತ್ತು ವಿಚ್ಛೇದಿತ ಮಹಿಳೆಯರಿಗೆ ‘ಮನಸ್ವಿನಿ’ ಯೋಜನೆಯಡಿ ಮಾಸಾಶನ ಕೊಡುತ್ತದೆ. ಮೊತ್ತ ಸಣ್ಣದು. ಆದರೆ ಮದುವೆಯಿಲ್ಲದೆಯೂ ಒಂದು ಜೀವ ಈ ನಾಡಿನಲ್ಲಿದೆ ಎಂದು ಕಡತದಲ್ಲಿ ಒಪ್ಪಿಕೊಂಡದ್ದು ಸಣ್ಣದಲ್ಲ.

ಸಿನಿಮಾದ ಕೊನೆ ನೋಡಲು ಕಷ್ಟ. ಡೇವಿಡ್ ಪ್ರೀತಿಸಿದವಳನ್ನು ಕಾಡಿನ ಗುಂಪಿನ ನಾಯಕಿ ಕುರುಡಿಯಾಗಿಸಿದ್ದಾಳೆ. ಇಬ್ಬರಿಗೂ ಇದ್ದ ಸಮೀಪದೃಷ್ಟಿಯೆಂಬ ಸಮಾನ ಲಕ್ಷಣ ಹೋಯಿತು. ಊರಿಗೆ ಓಡಿಬಂದು, ಉಪಾಹಾರ ಗೃಹವೊಂದರಲ್ಲಿ ಅವಳನ್ನು ಕೂರಿಸಿ, ತಾನೂ ಕಣ್ಣು ಕಳೆದುಕೊಳ್ಳಲು ಚಾಕು ಹಿಡಿದು ಶೌಚಾಲಯದ ಕನ್ನಡಿಯ ಮುಂದೆ ನಿಲ್ಲುತ್ತಾನೆ. ಮುಂದೇನಾಯಿತು ಎಂದು ಚಿತ್ರ ಹೇಳುವುದಿಲ್ಲ. ಅವನು ಚುಚ್ಚಿಕೊಂಡನೇ ಇಲ್ಲವೇ ಎಂದು ವಿಮರ್ಶಕರು ಚರ್ಚಿಸಿದ್ದಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವನು ಕನ್ನಡಿಯ ಮುಂದೆ ನಿಂತದ್ದೇ. ಹೋಟೆಲನ್ನೂ ಕಾಡನ್ನೂ ಬಿಟ್ಟು ಬಂದವನ ತಲೆಯೊಳಗೆ ಹೋಟೆಲಿನ ನಿಯಮ ಹಾಗೆಯೇ ಉಳಿದಿದೆ. ಕಣ್ಣಿರುವವನು ಕಣ್ಣಿಲ್ಲದವಳ ಕೈ ಹಿಡಿದು ಬಾಳಬಹುದು ಎಂಬ ಸರಳ ಸಾಧ್ಯತೆ ಅವನಿಗೆ ಹೊಳೆಯುವುದೇ ಇಲ್ಲ.

ಮನೆಯಲ್ಲಿ ಮದುವೆಯ ವಯಸ್ಸಿನ ಮಗನೋ ಮಗಳೋ ಇರುವ ತಂದೆತಾಯಿಯರಲ್ಲಿ ಒಂದು ಮನವಿ. ಮುಂದಿನ ಸಂಬಂಧ ನೋಡಲು ಹೊರಡುವ ಮುಂಚೆ ಅವರನ್ನು ಕೂರಿಸಿಕೊಂಡು ಮದುವೆ ಬೇಕೇ, ಬೇಕಾದರೆ ಯಾಕೆ, ಭಯ ಯಾವುದರ ಬಗ್ಗೆ ಎಂದು ಕೇಳಿ. ಈ ಮಾಘದೊಳಗೆ, ಈ ವೈಶಾಖದೊಳಗೆ ಎಂದು ತಿಂಗಳು ಗೊತ್ತುಮಾಡಬೇಡಿ. ಅವರು ಬೇಡ ಎಂದರೆ ಅಥವಾ ಇನ್ನೂ ಗೊತ್ತಿಲ್ಲ ಎಂದರೆ, ಆ ಉತ್ತರವನ್ನೂ ಉತ್ತರವೆಂದೇ ತೆಗೆದುಕೊಳ್ಳಿ.