ಇಂಜಿನ್ನು ಬಡಿದುಕೊಳ್ಳುವಾಗ

ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಬೆಂಗಳೂರಿಗೆ ಹೊರಟ ಹಳೆಯ ಲಾರಿಯೊಂದನ್ನು ಕಲ್ಪಿಸಿಕೊಳ್ಳಿ. ಆರು ಸಿಲಿಂಡರಿನ, ವರ್ಷಗಟ್ಟಲೆ ದುಡಿದು ಸವೆದ ಡೀಸೆಲ್ ಇಂಜಿನ್ನು. ದಾವಣಗೆರೆ ದಾಟುವ ಹೊತ್ತಿಗೆ ಅದರ ಒಡಲಿನಿಂದ ಸುತ್ತಿಗೆಯಲ್ಲಿ ಕುಟ್ಟಿದಂಥ ಸದ್ದು ಶುರುವಾಗುತ್ತದೆ. ಚಹಾದಂಗಡಿಯ ಮುಂದೆ ನಿಧಾನಿಸಿದರೆ ಆಯಿಲ್ ಗೇಜಿನ ಮುಳ್ಳು ಸೊನ್ನೆಯ ಹತ್ತಿರ ಮಲಗಿದೆ. 'ಗೇಜು ಕೆಟ್ಟಿರಬೇಕಣ್ಣ' ಎನ್ನುತ್ತಾನೆ ಕ್ಲೀನರ್. ಬೆಳಗಾಗುವುದರೊಳಗೆ ಮಾಲು ತಲುಪಬೇಕು, ಲಾರಿ ಸಾಲದ ಕಂತು ಬೇರೆ ಬಾಕಿ. ಚಾಲಕನೇ ಮಾಲೀಕ. ಹೋಗುವುದೋ, ನಿಲ್ಲುವುದೋ?

ಇಂಜಿನ್ ಆರಿಸಿ ನಿಲ್ಲುವುದೇ ಸರಿ. ಗೇಜು ಕೆಟ್ಟಿರಲೂಬಹುದು. ಆದರೆ ಮುಳ್ಳು ಬೀಳುವುದೂ ಸದ್ದು ಏಳುವುದೂ ಒಟ್ಟಿಗೆ ಆದಾಗ ಗೇಜಿನ ಮೇಲೆ ತಪ್ಪು ಹೊರಿಸುವುದು ಜೂಜಾಟ.

ಲೋಹದ ಮೇಲೆ ಲೋಹ ತಿರುಗುವಾಗ ನಡುವೆ ಎಣ್ಣೆ ಏನು ಮಾಡುತ್ತದೆ? ಜಾರುವಂತೆ ಮಾಡುತ್ತದೆ ಎಂದು ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ. ಅಷ್ಟೇ ಅಲ್ಲ, ಅದು ಭಾರವನ್ನೂ ಹೊರುತ್ತದೆ. ಇದು ಗೊತ್ತಾದದ್ದು ಒಂದು ಮರದ ಬೆಣೆಯಿಂದ. ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಇಂಜಿನಿಯರ್ ರೈಲ್ವೆ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತ, ಎಣ್ಣೆ ಬಿಡಲು ಅದರ ನೆತ್ತಿಯಲ್ಲಿ ತೂತು ಕೊರೆದ. ಅಚ್ಚು ತಿರುಗಿದೊಡನೆ ತೂತಿನಿಂದ ಎಣ್ಣೆ ಉಕ್ಕಿ ಬಂತು. ಬಿರಡೆ ಜಡಿದ, ಹಾರಿತು. ಮರದ ಬೆಣೆ ಹೊಡೆದ, ಅದೂ ಹೊರಬಂತು. ಕೊನೆಗೆ ಒತ್ತಡಮಾಪಕ ಜೋಡಿಸಿದರೆ ಮುಳ್ಳು ಚದರ ಅಂಗುಲಕ್ಕೆ 200 ಪೌಂಡ್ ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಕೇವಲ 100 ಪೌಂಡ್! ಟವರ್ ಇದನ್ನು 1883ರಲ್ಲಿ ವರದಿ ಮಾಡಿದ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತ ಬಿಡಿಸಿದ. ತಿರುಗುವ ದಂಡವೇ ಎಣ್ಣೆಯನ್ನು ಬೆಣೆಯಾಕಾರದ ಸಂದಿಗೆ ಎಳೆದುಕೊಂಡು, ಆ ಬೆಣೆಯ ಮೇಲೆ ತೇಲುತ್ತದೆ.

ಲಾರಿಯ ಕ್ರ್ಯಾಂಕ್ ಷಾಫ್ಟ್ ತೇಲುವುದೂ ಹೀಗೆಯೇ. ಗೇಜು ತೋರಿಸುವುದು ಆ ಬೆಣೆಯ ಒತ್ತಡವನ್ನಲ್ಲ, ಬೆಣೆಗೆ ಎಣ್ಣೆ ಒದಗಿಸುವ ನಾಲೆಯ ಒತ್ತಡವನ್ನು. ಪಂಪು ತಳ್ಳುವುದು ಎಣ್ಣೆಯನ್ನು. ಆ ಹರಿವಿಗೆ ಬೇರಿಂಗಿನ ಕಿರುಸಂದಿಗಳು ಒಡ್ಡುವ ಅಡ್ಡಿಯೇ ಒತ್ತಡ. ಸಂದಿ ಸುಮಾರಾಗಿ ಕೂದಲೆಳೆಯಷ್ಟು. ಸವೆದು ಎರಡರಷ್ಟಾದರೆ, ಅದೇ ಒತ್ತಡದಲ್ಲಿ ಸೋರುವ ಎಣ್ಣೆ ಎರಡರಷ್ಟಲ್ಲ, ಎಂಟರಷ್ಟು. ಹರಿವು ಸಂದಿಯ ಘನಕ್ಕೆ ಅನುಪಾತದಲ್ಲಿರುವುದೇ ಕಾರಣ. ಸವೆತ ಒಂದು ಹಂತ ದಾಟಿದ ಮೇಲೆ ಮುಳ್ಳು ಅಷ್ಟು ಬೇಗ ಬೀಳುವುದರ ಗುಟ್ಟು ಇದು.

ಹಾಗೆಂದು ಕೂಡಲೇ ಇಂಜಿನ್ ಬಿಚ್ಚಬೇಕಿಲ್ಲ. ಒಳ್ಳೆಯ ಮೆಕ್ಯಾನಿಕ್ ಅಗ್ಗದ ಪರೀಕ್ಷೆಯಿಂದ ಆರಂಭಿಸುತ್ತಾನೆ. ಮೊದಲು ಆಯಿಲ್ ಕಡ್ಡಿ ಎಳೆದು ನೋಡುತ್ತಾನೆ. ಮಟ್ಟ ಇಳಿದಿದ್ದರೆ ಸರಿ, ಅರ್ಥವಾಯಿತು. ಮಟ್ಟ ಏರಿದ್ದರೆ? ಅದು ಇನ್ನೂ ಕೆಟ್ಟದ್ದು. ಡೀಸೆಲ್ ಸೋರಿ ಎಣ್ಣೆಯಲ್ಲಿ ಬೆರೆತಿರಬಹುದು; ಮೂಸಿದರೆ ವಾಸನೆ, ಬೆರಳಲ್ಲಿ ಉಜ್ಜಿದರೆ ನೀರುನೀರು. ಆಮೇಲೆ ಲಾರಿಯ ಗೇಜು ಬಿಟ್ಟು ತನ್ನ ನಂಬಿಕೆಯ ಗೇಜನ್ನು ನೇರವಾಗಿ ಇಂಜಿನ್ನಿಗೆ ಜೋಡಿಸುತ್ತಾನೆ. ನಿಮಿಷಕ್ಕೆ ಸಾವಿರ ಸುತ್ತಿಗೆ 10 ಪೌಂಡ್ ಎಂಬ ಒರಟು ಲೆಕ್ಕವೊಂದು ಚಾಲ್ತಿಯಲ್ಲಿದೆ. ಆಯಾ ಇಂಜಿನ್ನಿನ ಕೈಪಿಡಿ ಹೇಳುವುದೇ ಪ್ರಮಾಣ. ಅಳತೆ ಮಾತ್ರ ಇಂಜಿನ್ ಬಿಸಿಯಿದ್ದಾಗಲೇ ಆಗಬೇಕು. ತಣ್ಣಗಿನ ಎಣ್ಣೆ ಮಂದ. ಮುಳ್ಳು ಜಂಬದಿಂದ ಮೇಲೆ ನಿಂತಿರುತ್ತದೆ. ಹಳೆಯ ಲಾರಿ ಮಾರುವ ಕೆಲವರು ಮಂದ ಎಣ್ಣೆ ತುಂಬಿಸಿಡುವುದೂ ಇದಕ್ಕೇ.

ಇನ್ನು ಸದ್ದು. ಡೀಸೆಲ್ ಇಂಜಿನ್ ಹುಟ್ಟಾ ಸದ್ದಿನದು. ಬಿಸಿ ಗಾಳಿಗೆ ಸಿಡಿದ ಡೀಸೆಲ್ ಹೊತ್ತಿಕೊಳ್ಳಲು ಕ್ಷಣದ ಒಂದಂಶ ತಡವಾಗುತ್ತದೆ. ಅಷ್ಟರಲ್ಲಿ ಸೇರಿದ್ದೆಲ್ಲ ಒಮ್ಮೆಗೇ ಉರಿದರೆ 'ಟಕ್' ಎನ್ನುತ್ತದೆ. ನಾಜಲ್ ತೊಟ್ಟಿಕ್ಕುತ್ತಿದ್ದರೆ ಅಥವಾ ಪಂಪಿನ ಟೈಮಿಂಗ್ ಮುಂದಾಗಿದ್ದರೆ ಈ ಸದ್ದು ಜೋರು. ಇದು ಸಾಮಾನ್ಯವಾಗಿ ಇಂಜಿನ್ ಬಿಸಿಯಾದಂತೆ ತಗ್ಗುತ್ತದೆ. ಸವೆದ ಬೇರಿಂಗಿನ ಸದ್ದು ಅದಕ್ಕೆ ತಿರುಗುಮುರುಗು: ಬಿಸಿಯಾಗಿ ಎಣ್ಣೆ ತೆಳುವಾದಂತೆ ಏರುತ್ತದೆ, ಭಾರ ಎಳೆಯುವಾಗ ಗಡುಸಾಗುತ್ತದೆ.

ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ ಮೆಕ್ಯಾನಿಕ್ ಆಲಿಸುತ್ತಾನೆ. ಉಕ್ಕಿನಲ್ಲಿ ಶಬ್ದ ಗಾಳಿಗಿಂತ ಹದಿನೈದು ಪಟ್ಟಿನಷ್ಟು ವೇಗವಾಗಿ, ಚದುರದೆ ಬರುತ್ತದೆ. ವೈದ್ಯರ ಸ್ಟೆತೊಸ್ಕೋಪಿನ ಬಡ ಅಣ್ಣ ಇದು! ಬಳಿಕ ಹಳೆಯ ಮಾದರಿಯ ಇಂಜಿನ್ನುಗಳಲ್ಲಿ ನಾಜಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಾನೆ. ಆ ಸಿಲಿಂಡರಿಗೆ ಡೀಸೆಲ್ ತಪ್ಪುತ್ತದೆ. ಸದ್ದು ಪೂರ್ತಿ ನಿಂತರೆ ದೋಷ ನಾಜಲಿನದಿರಬಹುದು. ಮೆತ್ತಗಾದರೂ ಉಳಿದರೆ ಅದೇ ಸಿಲಿಂಡರಿನ ಕನೆಕ್ಟಿಂಗ್ ರಾಡಿನ ಬೇರಿಂಗ್ ಮೇಲೆ ಅನುಮಾನ. ಸಾವಿರಕ್ಕೂ ಹೆಚ್ಚು ವಾಯುಭಾರದ ಒತ್ತಡವಿರುವ ಹೊಸ ಕಾಮನ್ ರೈಲ್ ಇಂಜಿನ್ನುಗಳಲ್ಲಿ ಇದನ್ನು ಮಾಡಲೇಬಾರದು. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮ ಸೀಳಿ ಒಳನುಗ್ಗುತ್ತದೆ.

ಕೊನೆಗೆ ಚೇಂಬರ್ ಇಳಿಸುವ ಸರದಿ. ಪಂಪಿನ ಜಾಲರಿ ಕಟ್ಟಿದೆಯೇ, ರಿಲೀಫ್ ವಾಲ್ವ್ ಸಿಕ್ಕಿಕೊಂಡಿದೆಯೇ ಎಂಬುದು ಇಲ್ಲಿ ಇತ್ಯರ್ಥವಾಗುತ್ತದೆ. ತಳದಲ್ಲಿ ಮಿನುಗುವ ಪುಡಿಯಿದ್ದರೆ ಶಾಲೆಯ ಅಯಸ್ಕಾಂತ ಸಾಕು. ಅಂಟಿಕೊಂಡದ್ದು ಕಬ್ಬಿಣ, ಅಂಟದ ಪುಡಿ ಬೇರಿಂಗಿನ ತಾಮ್ರ, ಸೀಸದ್ದಾಗಿರಬಹುದು. ಬೇರಿಂಗಿನ ಬೂದು ಮೈ ಸವೆದು ಅಡಿಯ ತಾಮ್ರದ ಬಣ್ಣ ಕಂಡರೆ ಅದರ ಆಯುಷ್ಯ ಮುಗಿದಿದೆ.

ನಮ್ಮ ಚಾಲಕ ಸಕಾಲದಲ್ಲಿ ನಿಲ್ಲಿಸಿದ್ದರೆ ಒಂದು ಜೊತೆ ಬೇರಿಂಗಿನ ಖರ್ಚಿನಲ್ಲಿ ಪಾರಾಗಬಹುದು. ಕ್ರ್ಯಾಂಕ್ ಗೀರಿದ್ದರೆ ಲೇತಿನವರ ಹತ್ತಿರ ಗ್ರೈಂಡಿಂಗ್ ಮಾಡಿಸಬೇಕು. ಬೆಂಗಳೂರಿನವರೆಗೆ ಓಡಿಸಿದ್ದರೆ, ರಾಡ್ ಮುರಿದು ಬ್ಲಾಕನ್ನೇ ಸೀಳಿಕೊಂಡು ಹೊರಬಂದಿರುವ ಸಾಧ್ಯತೆಯೂ ಉಂಟು. ಲಾರಿಯ ಬೆಲೆಗೂ ಇಂಜಿನ್ನಿನ ಬೆಲೆಗೂ ಹೆಚ್ಚು ಅಂತರ ಉಳಿಯುವುದಿಲ್ಲ. ಹೊಸ ಬೇರಿಂಗ್ ಕೂರಿಸಿದ ಮೇಲೂ ಆತುರ ಸಲ್ಲದು. ಫಿಲ್ಟರಿಗೆ ಎಣ್ಣೆ ತುಂಬಿಸಿ, ಡೀಸೆಲ್ ನಿಲ್ಲಿಸಿ, ಬರಿಯ ಸ್ಟಾರ್ಟರಿನಲ್ಲಿ ತಡೆತಡೆದು ತಿರುಗಿಸಬೇಕು. ಗೇಜಿನ ಮುಳ್ಳು ಮೇಲೆದ್ದ ಮೇಲಷ್ಟೇ ಇಂಜಿನ್ನಿಗೆ ಡೀಸೆಲ್ ಕೊಡಬೇಕು.